ಡ್ರಾಯಿಂಗ್ ಸೆಕ್ಷನ್

ಮೈಸೂರು ರಸ್ತೆ ಅಗಲವಾಗಿ, ಬಿಡದಿಯಲ್ಲಿ ವರ್ಷವರ್ಷವೂ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಬೈರಾಪಟ್ಟಣದ ದಿವ್ಯಳಿಗೆ ಅಲ್ಲಿನ ತಾಮ್ರದ ತಂತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವಳು ಹಿಗ್ಗಿದ್ದು ಸಂಬಳಕ್ಕಿಂತ ಹೆಚ್ಚಾಗಿ ಕೆಲಸದ ಹೆಸರಿಗೆ: ಡ್ರಾಯಿಂಗ್ ಸೆಕ್ಷನ್. ಡ್ರಾ ಅಂದರೆ ಚಿತ್ರ ಬರೆ ಎಂದು ಸ್ಕೂಲಿನಲ್ಲಿ ಕಲಿತಿದ್ದಳು, ಮತ್ತು ಇಡೀ ಸ್ಕೂಲಿನಲ್ಲಿ ಅವಳಷ್ಟು ಚೆನ್ನಾಗಿ ನವಿಲು ಬರೆಯುವವರು ಇರಲಿಲ್ಲ.

"ನಮ್ ದಿವ್ಯಂಗೆ ಕಂಪ್ನೀಲಿ ಚಿತ್ರ ಬರ್ಯೋ ಕೆಲ್ಸ ಕಣವ್ವ," ಎಂದು ತಾಯಿ ಮುನಿಯಮ್ಮ ಹಾಲಿನ ಡೈರಿಯ ಮುಂದೆ ಸಿಕ್ಕವರಿಗೆಲ್ಲ ಹೇಳಿದಳು. ಮಗಳು ಪೆನ್ಸಿಲ್ಲು, ರಬ್ಬರು, ಸ್ಕೇಲು ಬ್ಯಾಗಿಗೆ ಹಾಕಿಕೊಂಡು ಕಂಪನಿ ಬಸ್ಸು ಹತ್ತಿದಳು.

ಸೂಪರ್‌ವೈಸರ್ ಗಂಗಹನುಮಯ್ಯ ಮಾಗಡಿ ಕಡೆಯವರು, ತಲೆ ನರೆತ ಮನುಷ್ಯ. ಅವಳ ಕೈಯಲ್ಲಿದ್ದ ಪೆನ್ಸಿಲ್ ನೋಡಿ, "ಇದ್ಯಾಕವ್ವ?" ಎಂದರು.

"ಡ್ರಾಯಿಂಗಿಗೆ ಸಾರ್."

ಅವರಿಗೆ ಅರ್ಥವಾಯಿತು. ಆದರೂ ನಗಲಿಲ್ಲ. "ಬಾ ಮಗಾ, ತೋರುಸ್ತೀನಿ," ಎಂದು ಒಳಗೆ ಕರೆದುಕೊಂಡು ಹೋದರು.

ಒಳಗೆ ಕಿವಿ ಗುಯ್‌ಗುಡುವ ಸದ್ದು. ಒಂದು ತುದಿಯಲ್ಲಿ ಬೆರಳು ಗಾತ್ರದ ತಾಮ್ರದ ಸರಳು ಸುರುಳಿ ಬಿಚ್ಚಿಕೊಂಡು ಯಂತ್ರಕ್ಕೆ ನುಗ್ಗುತ್ತಿತ್ತು. ಅಲ್ಲಿ ಒಂದರ ಮುಂದೊಂದು ಸಣ್ಣ ತೂತುಗಳು, ಒಂದಕ್ಕಿಂತ ಒಂದು ಕಿರಿದು. ಮುಂದಿನ ಚಕ್ರ ಎಳೆದಂತೆಲ್ಲ ಸರಳು ತೂತಿನಿಂದ ತೂತಿಗೆ ತೆಳ್ಳಗಾಗುತ್ತ, ಉದ್ದವಾಗುತ್ತ ಹೋಗುತ್ತಿತ್ತು. ಎಲ್ಲೂ ಕೊಯ್ಯುವುದಿಲ್ಲ, ಉಜ್ಜುವುದಿಲ್ಲ. ಕೊನೆಯ ಯಂತ್ರದ ಹತ್ತಿರ ಬರುವಷ್ಟರಲ್ಲಿ ದಿವ್ಯಳ ಕಣ್ಣಿಗೆ ತಂತಿಯೇ ಕಾಣಲಿಲ್ಲ. ಗಾಳಿಯಲ್ಲಿ ಕೆಂಪು ಹೊಳಪೊಂದು ನಡುಗಿದಂತೆ ಕಂಡಿತು, ಅಷ್ಟೆ.

"ಈ ತೂತು ಕೊರ್ದಿರೋದು ವಜ್ರದೊಳಗೆ," ಎಂದರು ಗಂಗಹನುಮಯ್ಯ. "ಬ್ಯಾರೆ ಯಾವ್ದೂ ತಡ್ಯಲ್ಲ. ಹಿಂಗೆ ಎಳ್ಯೋದೇ ಡ್ರಾಯಿಂಗು. ಡ್ರಾ ಅಂದ್ರೆ ಎಳಿ ಅಂತ."

"ಚಿತ್ರಕ್ಕೂ ಅದೇ ಅಂತಾರಲ್ಲ ಸಾರ್?"

"ಗೆರೆ ಎಳ್ಯಲ್ವಾ ನೀನು?"

ದಿವ್ಯ ಕೈಯಲ್ಲಿದ್ದ ಪೆನ್ಸಿಲ್ಲನ್ನು ತಿರುಗಿಸಿ ನೋಡಿದಳು. ಹೌದಲ್ಲ! ರಂಗೋಲಿ ಎಳೆ ಎನ್ನುತ್ತೇವೆ, ಉಸಿರು ಎಳೆದುಕೊ ಎನ್ನುತ್ತೇವೆ; ಇಂಗ್ಲಿಷ್ ಪಾಠದಲ್ಲೂ ಉಸಿರಿಗೆ ಡ್ರಾ ಎಂದೇ ಇತ್ತು. ನೂಲಿಗೂ ಎಳೆ ಎಂದೇ ಹೆಸರು. ಮ್ಯಾಚ್ ಡ್ರಾ ಆಯಿತು ಎಂದು ಅಣ್ಣ ಪೇಚಾಡುವುದು ನೆನಪಾಯಿತು. ಎರಡು ಕಡೆಯವರೂ ಎಳೆದಾಡಿ, ಯಾರ ಕಡೆಗೂ ಬರದೆ ನಿಂತದ್ದಿರಬೇಕು. ಎಲ್ಲೋ ಸಮುದ್ರದಾಚೆಯ ಜನ, ಇಲ್ಲಿ ನಮ್ಮ ಅಂಗಳದ ಜನ. ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮಾತಿನೊಳಗೆ ಗೆರೆಯನ್ನೂ ತಂತಿಯನ್ನೂ ಉಸಿರನ್ನೂ ಇಟ್ಟಿದ್ದಾರೆ! ಅವಳ ಮೈ ಜುಮ್ಮೆಂದಿತು.

ಆ ವಾರವೇ ತಂತಿ ಪೋಣಿಸುವುದನ್ನು ಕಲಿತಳು. ತುದಿಯನ್ನು ಚೂಪು ಮಾಡಿ ತೂತಿಗೆ ತೂರಿಸಿ, ಆಚೆ ಇಣುಕಿದ್ದನ್ನು ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಮೊದಲು ತುಂಡಾಯಿತು, ಮತ್ತೂ ತುಂಡಾಯಿತು. "ಒಸಿ ನಿಧಾನ ಮಗಾ, ಅದು ತಾನೇ ಬತ್ತದೆ," ಎಂದರು ಗಂಗಹನುಮಯ್ಯ. ಕೊನೆಗೆ ಬಂತು. ಅವಳ ಕೈಯ ಎಳೆತಕ್ಕೆ ಲೋಹ ಹಿಗ್ಗಿದ್ದು ಮೊಣಕೈವರೆಗೂ ತಿಳಿಯಿತು.

ಕೊನೆಯ ಯಂತ್ರದಲ್ಲಿ ತುಂಡಾಗಿದ್ದ, ಕೂದಲಿಗಿಂತ ತೆಳುವಾದ ಒಂದು ಗೇಣು ತಂತಿಯನ್ನು ಅವರೇ ಕೊಟ್ಟು, "ನಿಮ್ಮವ್ವಂಗೆ ತೋರ್ಸು," ಎಂದರು.

ಸಂಜೆ ಮುನಿಯಮ್ಮ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದಳು. ಅಷ್ಟು ದಿನ ಹೇಳದೆ ಇದ್ದ ಮಗಳು ಚಿತ್ರ ಬರೆಯುವ ಕೆಲಸವಲ್ಲ ಎಂದದ್ದು ಕೇಳಿ ಅವಳ ಮುಖ ಬಾಡಿತು. ದಿವ್ಯ ಅವಳ ಎರಡೂ ಕೈ ಹಿಡಿದು, ಬೆರಳುಗಳ ನಡುವೆ ಏನನ್ನೋ ಇಟ್ಟಳು.

"ಎಲ್ಲೈತೆ?" ಎಂದಳು ತಾಯಿ, ಬೆಳಕಿಗೆ ಹಿಡಿದು.

"ನಿನ್ ಕೈಲೇ ಐತೆ ಕಣವ್ವ. ಮೆಲ್ಲಗೆ ಎಳಿ."

ಮುನಿಯಮ್ಮ ಎಳೆದಳು. ಕಣ್ಣಿಗೆ ಕಾಣದ್ದೊಂದು ಅವಳ ಬೆರಳುಗಳ ನಡುವೆ ಬಿಗಿಯಾಯಿತು. ಅವಳು ಕೈ ಅಲುಗಿಸದೆ, ಪಕ್ಕದ ಮನೆಯವಳನ್ನು ಕೂಗಿದಳು: "ಗಂಗಲಕ್ಷ್ಮಮ್ಮ, ಓಡ್ ಬಾರೆ! ಇಲ್ನೋಡು ಬಾರೆ!"