ಮೂರು ತೂತು, ಒಂದು ಸಿಳ್ಳೆ

ಆಪರೇಷನ್ ಮುಗಿದು ಎಚ್ಚರವಾದ ಕೂಡಲೇ ಓಕ್ಸಿಮಳ ಕೈ ಎಡಪಕ್ಕೆಗೆ ಹೋಯಿತು. ಅವಳು ಅಲ್ಲಿ ತಡಕಾಡಿದ್ದು ಹಿಂದೆ ಅವ್ವನಿಗಾಗಿದ್ದಂಥ ಉದ್ದನೆಯ ಗಾಯವನ್ನು. ಕಿಡ್ನಿಯ ಕಲ್ಲು ತೆಗೆಯಲೆಂದು ಅವ್ವನನ್ನು ಬೆನ್ನಿನಿಂದ ಹೊಟ್ಟೆಯವರೆಗೆ ಕುಯ್ದಿದ್ದರು. ಅವ್ವ ಬದುಕಿದಳು, ಆದರೆ ಮತ್ತೆ ಕಡಲಿಗೆ ಇಳಿಯಲಿಲ್ಲ. ಚಿಪ್ಪು ಕೀಳಲು ಮುಳುಗುವ ಕೊರಿಯಾದ ಜೇಜು ದ್ವೀಪದ ಹೆಂಗಸರು ನೀರಿನಿಂದ ಮೇಲೆದ್ದಾಗ, ಕಟ್ಟಿದ ಉಸಿರನ್ನು ಸಿಳ್ಳೆಯ ಹಾಗೆ ಬಿಡುತ್ತಾರಲ್ಲ, ಆ ಸಿಳ್ಳೆ ದಡದಲ್ಲಿ ಕೂತು ಹಾಕಿ ನೋಡಿದರೂ ಅವ್ವನಿಗೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ನೋವು ಪಕ್ಕೆಯನ್ನು ಹಿಡಿದುಕೊಳ್ಳುತ್ತಿತ್ತು. ಸಿಳ್ಳೆ ಹೋದವಳಿಗೆ ಕಡಲಲ್ಲಿ ಏನು ಕೆಲಸ? ಅದಕ್ಕೇ ಆಸ್ಪತ್ರೆಗೆ ಬರುವ ಮುಂಚೆ ತಾನೂ ಮುಳುಗುವವಳೇ ಆದ ಓಕ್ಸಿಮ್ ತನ್ನ ಬಲೆ, ನೀರಲ್ಲಿ ಆತುಕೊಳ್ಳುವ ದುಂಡನೆಯ ತೇಲುಬುಂಡೆ ಎರಡನ್ನೂ ತನಗಿಂತ ಹಿರಿಯ ಗೆಳತಿ ಮಾಲ್ಸುನಳ ಕೈಗೆ ಕೊಟ್ಟು, ಬೇಕಾದವರಿಗೆ ಕೊಟ್ಟುಬಿಡು ಅಂದಿದ್ದಳು.

ಈಗ ಅವಳ ಬೆರಳಿಗೆ ಸಿಕ್ಕಿದ್ದು ಮೂರು ಪುಟ್ಟ ಪಟ್ಟಿಗಳು ಮಾತ್ರ.

"ಇಷ್ಟೇನಾ ಡಾಕ್ಟ್ರೇ? ಒಳಗೆ ಹೋಗಿದ್ರೋ, ಹೊರಗಿಂದಲೇ ಮಾತಾಡಿಸ್ಕೊಂಡು ಬಂದ್ರೋ?"

ಡಾಕ್ಟರು ನಕ್ಕರು. "ಹೋಗಿದ್ವಿ ಅಮ್ಮ. ಒಂದು ತೂತಲ್ಲಿ ಕ್ಯಾಮೆರಾ, ಎರಡರಲ್ಲಿ ಕತ್ತರಿ, ಸೂಜಿ. ಕಿಡ್ನಿಯಿಂದ ಮೂತ್ರ ಇಳಿಯೋ ನಾಳ ಒಂದು ಕಡೆ ಕಟ್ಕೊಂಡಿತ್ತು. ಆ ತುಂಡು ತೆಗೆದು ಹೊಲಿದಿದ್ದೀವಿ. ಒಳಗೆ ಕೆಲಸ ಮಾಡೋಕೆ ಜಾಗ ಆಗ್ಲಿ ಅಂತ ಹೊಟ್ಟೆಗೆ ಗಾಳಿ ತುಂಬಿದ್ವಿ, ಅದಕ್ಕೇ ಸ್ವಲ್ಪ ಭುಜ ನೋಯುತ್ತೆ."

"ಕಡಲಿಗೆ?"

"ಒಳಗಿನ ಹೊಲಿಗೆ ಮಾಗಲಿ, ನೋಡೋಣ. ಈಗ ಚೆನ್ನಾಗಿ ಉಸಿರಾಡಿ."

ನೋಡೋಣ ಅಂತ ಅವ್ವನಿಗೂ ಹೇಳಿದ್ದರು.

ಮಧ್ಯಾಹ್ನ ಮಾಲ್ಸುನ್ ಚಿಪ್ಪಿನ ಮಾಂಸ ಹಾಕಿದ ಗಂಜಿ ಹೊತ್ತು ಬಂದಳು. ಬಾಗಿಲಲ್ಲೇ ಕೇಳಿದಳು: "ಹೂಸು ಬಿಟ್ಯೇನೇ?"

"ಮೆಲ್ಲಗೆ ಮಾತಾಡೇ ಅಕ್ಕ! ವಾರ್ಡೆಲ್ಲ ಕೇಳುತ್ತೆ."

"ಕೇಳಲಿ ಬಿಡು. ಅದು ಬರೋವರೆಗೂ ನಿಂಗೆ ಗಂಜಿ ಇಲ್ಲವಂತೆ. ಹೊಟ್ಟೆ ನೋಡು, ನಿನ್ನ ಬುಂಡೆಗಿಂತ ದುಂಡಗಾಗಿದೆ!"

ಓಕ್ಸಿಮಳಿಗೆ ನಗು ಬಂತು, ನಗುವಿನ ಜೊತೆಗೇ ನೋವೂ ಬಂತು. ನೋವು ಬಂದಾಗ ಅವಳು ತನ್ನ ಕಸುಬಿನವರು ಮಾಡುವುದನ್ನೇ ಮಾಡಿದಳು: ತುಟಿ ಬಿಗಿದು ಉಸಿರು ಕಟ್ಟಿದಳು. ಕಟ್ಟಿದವಳು ಬಿಡಲೇ ಇಲ್ಲ. ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಕೂಗಿಕೊಂಡಿತು. ನರ್ಸು ಓಡಿಬಂದಳು.

"ಅಮ್ಮಾ, ಉಸಿರು ಬಿಡಿ! ಬಿಡೀಮ್ಮಾ!"

ಓಕ್ಸಿಮ್ ತಲೆಯಾಡಿಸಿದಳು. ಬಿಟ್ಟರೆ ಸಿಳ್ಳೆಯೇ ಹೊರಡುತ್ತದೆ. ಅದು ಅವ್ವನದರಂತೆ ಅರ್ಧಕ್ಕೆ ನಿಂತರೆ? ಬಿಡದಿರುವಷ್ಟು ಹೊತ್ತು ಅದು ನಿಲ್ಲುತ್ತದೋ ಇಲ್ಲವೋ ಗೊತ್ತಾಗುವುದೂ ಇಲ್ಲ.

ಮಾಲ್ಸುನ್ ಗಂಜಿಯ ಡಬ್ಬಿ ಕೆಳಗಿಟ್ಟು, ದೋಣಿಯಲ್ಲಿ ಮಾಡುವಂತೆ ಅವಳ ಬೆನ್ನಿಗೆ ಅಂಗೈ ಹಚ್ಚಿದಳು. "ಏ ಓಕ್ಸಿಮಾ! ತಳದಲ್ಲಿ ಯಾವ ಚಿಪ್ಪು ಕಂಡಿತೇ ನಿಂಗೆ? ಇನ್ನೊಂದು ಅಂತ ಆಸೆಪಟ್ಟು ಸಾಯ್ಬೇಡ. ಬಾ ಮೇಲೆ!"

ಓಕ್ಸಿಮ್ ಮೇಲೆ ಬಂದಳು.

ಸಿಳ್ಳೆ ಮೊದಲು ಸಣ್ಣಗೆ ಹೊರಟಿತು. ಪಕ್ಕೆ ಚುಚ್ಚಿತು, ಚುಚ್ಚಿದರೂ ಹಿಡಿದುಕೊಳ್ಳಲಿಲ್ಲ. ಉಸಿರು ಮುಗಿಯುವ ತನಕ ಅದು ಉದ್ದಕ್ಕೆ, ನೆಟ್ಟಗೆ ಹೋಯಿತು. ಕಿಟಕಿಯ ಬಳಿ ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕಿಯೊಬ್ಬಳು ಇತ್ತ ಹೊರಳಿದಳು.

"ಯಾರದು ಸಿಳ್ಳೆ? ಯಾವ ದಂಡೆಯವಳೇ ನೀನು?"

ನರ್ಸು ಯಂತ್ರ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಓಕ್ಸಿಮ್ ಮಾತ್ರ ಗೆಳತಿಯ ತೋಳು ಹಿಡಿದಿದ್ದಳು.

"ಅಕ್ಕ, ನನ್ನ ಬುಂಡೆ ಯಾರಿಗಾದ್ರೂ ಕೊಟ್ಟುಬಿಟ್ಯಾ?"

"ಕೊಡೋಕೆ ನಂಗೇನು ಹುಚ್ಚಾ? ನಮ್ಮನೆ ಹಿತ್ತಲಲ್ಲಿ ನೇತಾಡ್ತಿದೆ. ನೀನು ಮೊದಲು ಹೂಸು ಬಿಡು, ಗಂಜಿ ಆರ್ತಾ ಇದೆ."