ಬೂದಿಯಲ್ಲಿ ಹೊರಳಿಸಿದ ಹುಳ

‘ಮಾರಮ್ಮನಾಣೆ, ಇನ್ನು ಮೇಲೆ ಈ ಹಿಟ್ಟು ಮಾಡುವುದಿಲ್ಲ’ ಎಂದು ಕೆಂಚಮ್ಮನ ಅವ್ವ ಗಿಡ್ಡಮ್ಮ ನಲವತ್ತೆರಡು ವರ್ಷದ ಹಿಂದೆ ಮಾತು ಕೊಟ್ಟಿದ್ದಳು. ಮರಳವಾಡಿ ಕಡೆಯ ಶಾಲೆಯೊಂದರ ಅಂಗಳದಲ್ಲಿ, ಬಿಟ್ಟ ಚಪ್ಪಲಿಗಳ ಪಕ್ಕ ಕೂತು. ಮೂರನೇ ಕ್ಲಾಸಿನ ಕೆಂಚಮ್ಮ ತನ್ನ ಬುತ್ತಿಯಿಂದ ಗೌಡರ ಹುಡುಗನಿಗೆ ಒಂದು ಹಿಡಿ ಹಿಟ್ಟು ತಿನ್ನಿಸಿದ್ದೇ ತಪ್ಪು.

“ಏನೇನ್ ಬೆರೆಸ್ದೆ ಬೊಗಳೇ, ಹೊಲಸು ಮುಂಡೆ!” ಹೆಡ್‌ಮಾಸ್ತರು ಒಂದೊಂದನ್ನೂ ಬಾಯಿ ಬಿಡಿಸಿ ಬರೆದರು: ಹುರಿದ ರಾಗಿ ಮೂರು ಪಾಲು, ನೂಲು ಬಿಚ್ಚಿದ ಮೇಲೆ ಉಳಿದ ರೇಷ್ಮೆ ಹುಳ, ಹುರಿದು ಬೂದಿಯಲ್ಲಿ ಹೊರಳಿಸಿದ್ದು, ಒಂದು ಪಾಲು. ಕೆಳಗೆ ಆಣೆಯ ಮಾತು, ತಾರೀಕು, ಹೆಬ್ಬೆಟ್ಟು. ಊರೆಲ್ಲ ಓದಲೆಂದು ಶಾಲೆಯ ಬಾಗಿಲಿಗೆ ಅಂಟಿಸಿದರು.

ಆ ಹಾಳೆಯನ್ನು ಕೆಂಚಮ್ಮನ ಮಗಳು ಭಾನುಪ್ರಿಯ ಈಗ ಶಾಲೆಯ ಹಳೇ ಕಡತದಿಂದ ಹುಡುಕಿ ತೆಗೆದಿದ್ದಳು. ಯಾವುದೋ ಕಂಪನಿ ಅದೇ ಹಿಟ್ಟು ತನ್ನ ಹೊಸ ಶೋಧನೆಯೆಂದು ಪೇಟೆಂಟ್ ಕೇಳಿತ್ತು. ಸಿಕ್ಕಿತೆಂದರೆ, ಅದನ್ನೇ ಮಾರಿ ಬದುಕುತ್ತಿದ್ದ ಕೆಂಚಮ್ಮ ಇನ್ನು ಹಿಟ್ಟು ಮಾರುವಂತಿಲ್ಲ. ಕುದಿನೀರಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳು ಬೆಂದುಹೋದವಳಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ರಾಮನಗರದ ಶುಕೂರ್ ಸಾಬರು ಸದ್ದಾಗದಿರಲೆಂದು, ಕೆಂಚಮ್ಮ ಗೂಡು ಬಿಚ್ಚುತ್ತಿದ್ದ ತಮ್ಮ ರೇಷ್ಮೆ ರೀಲಿಂಗ್ ಶೆಡ್ಡಿನ ಮಿಷನ್ ನಿಲ್ಲಿಸಿದರು. ಹಿಟ್ಟು ಹೊಸದಲ್ಲವೆಂದು ಆ ಹಾಳೆ ತೋರಿಸಿ ಕೆಂಚಮ್ಮ ತಕರಾರು ಹಾಕಿದ್ದಳು; ಮೊಬೈಲಿನ ವಿಡಿಯೋದಲ್ಲೇ ವಿಚಾರಣೆ. ಪೇಟೆಂಟ್ ಅಧಿಕಾರಿ ಹಾಳೆಯನ್ನೂ ಕಂಪನಿಯ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ಗುರುತು ಹಾಕುತ್ತ ಬಂದರು. ರಾಗಿ ಇದೆ. ಹುಳ ಇದೆ. ಅಳತೆಯೂ ಇದೆ.

“ಹುಳದ ಎಣ್ಣೆ ತೆಗೆಯೋದು ಇಲ್ಲ ಸರ್,” ಕಂಪನಿಯ ವಕೀಲ ಎಂದ. “ನಮ್ಮ ಶೋಧನೆಯೇ ಅದು. ಇದರಲ್ಲಿ ಬರೀ ಬೂದಿ ಅಂತಿದೆ. ಬೂದಿ ಅಂದ್ರೆ ಕೊಳಕು.”

“ಕೊಳಕಾ?” ಕೆಂಚಮ್ಮ ಒಲೆಯಿಂದ ಬೂದಿ ಗೋರಿ, ಹೆಂಚಿನಲ್ಲಿ ಹುರಿದಿಟ್ಟ ಬಿಸಿ ಹುಳ ಸುರಿದು ಬರಿಗೈಯಲ್ಲೇ ಹೊರಳಿಸಿದಳು. ಬೂದಿ ಕಪ್ಪಗಾಗಿ ಗಂಟುಗಟ್ಟಿತು. “ಎಣ್ಣೆ ಕುಡ್ದೈತೆ ನೋಡಪ್ಪ. ನಿಮ್ ಮಿಷಿನ್ನು ಇನ್ನೇನ್ ಕಿಸೀತದೆ?”

“ಇನ್ನೊಸಿ ಹತ್ರ ಹಿಡಿ ಕೆಂಚಮ್ಮ, ವಾಸ್ನೇನೂ ಹೋಗ್ಲಿ ಅವ್ರಿಗೆ,” ಎಂದರು ಶುಕೂರ್.

ವಕೀಲ ನಕ್ಕ. “ಇನ್ನು ಮಾಡಲ್ಲ ಅಂತ ಆಣೆ ಇಟ್ಟಿದ್ದೂ ಅದೇ ಹಾಳೇಲಿದೆ. ನಿಮ್ಮ ತಾಯಿ ಅವತ್ತೇ ನಿಲ್ಲಿಸಿದ್ರೆ ಈ ಬೂದಿ ಕೆಲಸ ನೀವು ಕಲಿತದ್ದೆಲ್ಲಿ? ಈಗ ಕಟ್ಟಿದ ಕತೆ ತಾನೆ? ಇಲ್ಲಾ, ನಿಮ್ಮ ತಾಯಿ ಇಟ್ಟ ಆಣೆ ಸುಳ್ಳಾ?”

ಕೆಂಚಮ್ಮ ಮಗಳ ಮುಖ ನೋಡಿದಳು. ಅವ್ವ ಸಾಯುವತನಕ ಆ ಆಣೆಗೆ ಹೆದರಿದವಳು.

“ಯೋಳ್ಬುಡವ್ವ,” ಎಂದಳು ಭಾನುಪ್ರಿಯ.

“ಅವತ್ತು ಸಂಜೇನೇ ಬಾಗ್ಲಾಕ್ಕಂಡು ಹುರಿದ್ಲು ಸ್ವಾಮಿ. ನಾನೇ ಬೂದಿ ಹಿಡ್ದಿದ್ದೆ. ಒಂದ್ ಹಿಡಿ ರಾಗಿ, ನಾಕ್ ಮಕ್ಳು. ಮಾರಮ್ಮ ಬಂದು ಉಣ್ಣಾಕಿಕ್ತಿದ್ಲಾ?”

ಅಧಿಕಾರಿ ಅದನ್ನೂ ಬರೆದುಕೊಂಡು ಪೆನ್ನು ಮುಚ್ಚಿದರು. “ಆದೇಶ ಆಮೇಲೆ ಬರುತ್ತೆ.” ಪರದೆ ಕಪ್ಪಾಯಿತು. ಕೆಂಚಮ್ಮನ ಅಂಗೈಯಲ್ಲಿ ಬೂದಿ ಇನ್ನೂ ಸುಡುತ್ತಿತ್ತು.

ಗಿಡ್ಡಮ್ಮ ಕೊಟ್ಟ ಮಾತು ಒಂದು ದಿನವೂ ಉಳಿದಿರಲಿಲ್ಲ.