ಹೆಬ್ಬೆರಳಿನ ಅಳತೆ

ಕಾವಲು ಕಂಪನಿಯ ಆಯುಧಕೋಣೆಯಲ್ಲಿ ಮೂವತ್ತೊಂದು ವರ್ಷ ಸವೆಸಿದ ಮೇಸ್ತ್ರಿಗೆ ಅಳತೆಗೋಲು ಅಂತ ಇದ್ದದ್ದು ಒಂದೇ, ತನ್ನ ಬಲಗೈ ಹೆಬ್ಬೆರಳು. ಪಿಸ್ತೂಲಿನ ಸೇಫ್ಟಿಯನ್ನು, ಅಂದರೆ ಗುಂಡು ಅಕಸ್ಮಾತ್ತಾಗಿ ಹಾರದಂತೆ ತಡೆಯುವ ಆ ಪುಟ್ಟ ಕಡ್ಡಿಯನ್ನು, ಒಮ್ಮೆ ಒತ್ತಿ, ಅಡುಗೆಯ ಉಪ್ಪು ನೋಡುವವನಂತೆ ಅರ್ಧ ಕಣ್ಣು ಮುಚ್ಚಿ, "ಸರಿ" ಎಂದರೆ ಸರಿ, "ಇನ್ನೊಂಚೂರು" ಎಂದರೆ ಇನ್ನೊಂಚೂರು. ಸ್ಪ್ರಿಂಗಿನ ಬಿಗಿಯನ್ನು ಮುಳ್ಳಿನಲ್ಲಿ ತೋರಿಸುವ ಎಳೆತಕ್ಕಡಿಯೊಂದನ್ನು ಕಂಪನಿ ಕೊಟ್ಟೇ ಇತ್ತು. ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತ ಮೇಸ್ತ್ರಿಯ ಟೋಪಿಗೆ ಗೂಟವಾಗಿ ಸೇವೆ ಸಲ್ಲಿಸುತ್ತಿತ್ತು.

ಸೇಫ್ಟಿ ಗಟ್ಟಿಯಾಯ್ತು, ಹೆಬ್ಬೆರಳು ನೋಯುತ್ತೆ ಎಂದು ಕಾವಲುಗಾರರು ಗೊಣಗಿಕೊಂಡು ಬಂದರೆ ಅವನದು ಒಂದೇ ಮಾತು: "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ದಿನಾ ನೂರು ಸಲ ಒತ್ತು, ಬೆರಳು ದಾರಿಗೆ ಬರುತ್ತೆ." ಬಂದವರು ಮುಖ ಹುಳ್ಳಗೆ ಮಾಡಿಕೊಂಡು ಹೋಗುತ್ತಿದ್ದರು. ಒಂದು ತಿಂಗಳಿಗೆ ಬೆರಳು ನಿಜಕ್ಕೂ ದಾರಿಗೆ ಬರುತ್ತಿತ್ತು.

ಈ ವರ್ಷ ಮಾತ್ರ ಯಾರೂ ಗೊಣಗುವ ಮೊದಲೇ ಮೇಸ್ತ್ರಿಗೆ ಪಿಸ್ತೂಲುಗಳೆಲ್ಲ ಗಟ್ಟಿ ಎನ್ನಿಸತೊಡಗಿದವು. ವಾರ್ಷಿಕ ತಪಾಸಣೆಗೆ ಬಂದದ್ದನ್ನೆಲ್ಲ ಒತ್ತಿ ನೋಡುವನು, ಹುಬ್ಬು ಗಂಟಿಕ್ಕುವನು. "ಈಗಿನ ಸ್ಪ್ರಿಂಗಿಗೆ ಹದ ಅನ್ನೋದೇ ಇಲ್ಲ" ಎಂದು ಬೈದು, ಬಿಚ್ಚಿ, ಸಡಿಲಿಸಿ, ಮತ್ತೆ ಜೋಡಿಸುವನು. ತೆಗೆದುಕೊಂಡು ಹೋದವರು "ಬೆಣ್ಣೆ ಥರ ಆಗಿದೆ, ಮೇಸ್ತ್ರಿ!" ಎಂದು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ?

ಮನೆಯಲ್ಲೂ ಅದೇ ಕಥೆ. ನಲ್ಲಿ ಗಟ್ಟಿ, ಶೀಶೆಯ ಮುಚ್ಚಳ ಗಟ್ಟಿ, ಬಾಗಿಲ ಅಗುಳಿ ಗಟ್ಟಿ. ಅಗುಳಿಯನ್ನಂತೂ ಅರ ಹಾಕಿ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ್ದ. ಹೆಂಡತಿ ಶೀಶೆಯನ್ನು ಅವನ ಕೈಯಿಂದ ಕಸಿದು ಒಂದೇ ಏಟಿಗೆ ತೆರೆದುಕೊಟ್ಟು, "ನಮ್ಮನೇಲಿ ಎಲ್ಲಾ ಗಟ್ಟಿಯಾಗ್ತಾ ಇದೆ ಕಣ್ರೀ, ನಿಮ್ಮೊಬ್ರನ್ನ ಬಿಟ್ಟು" ಎಂದಿದ್ದಳು. ಮೇಸ್ತ್ರಿ ನಕ್ಕಿದ್ದ. ಆ ಮಾತು ತಮಾಷೆಯಂತೇ ಕೇಳಿಸಿತ್ತು.

ಗೇಟಕ್ಕ ಬಂದದ್ದು ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಶಾಲೆಯ ಗೇಟಿನಲ್ಲಿ ಎಂಟು ವರ್ಷದಿಂದ ಕಾವಲಿಗೆ ನಿಂತು ನಿಂತು ಆಕೆಯ ಸ್ವಂತ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಉಳಿದಿತ್ತು. ಗುಂಡು ತೆಗೆದ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು.

"ಮೇಸ್ತ್ರಿ, ಇದರ ಸೇಫ್ಟಿ ತಾನಾಗೇ ಕೆಳಗಿಳೀತಿದೆ. ಕೂತು ಎದ್ರೆ ಸಾಕು, ಬೆಲ್ಟಿಗೆ ಉಜ್ಜಿ ಬಿಚ್ಕೊಳ್ಳತ್ತೆ. ಎರಡು ಸಲ ನೋಡ್ದೆ."

"ಕುಣೀಲಾರದವಳು..."

"ಕುಣಿಯೋಕೆ ಬಂದಿಲ್ಲ ನಾನು. ಬಸ್ ಬರೋ ತನಕ ಮಕ್ಕಳು ನನ್ನ ಸೊಂಟಕ್ಕೆ ಆತ್ಕೊಂಡು ನಿಲ್ತವೆ. ಮೊದ್ಲು ಒತ್ತಿ ನೋಡಿ."

ಮೇಸ್ತ್ರಿ ಒತ್ತಿದ. ಹೆಬ್ಬೆರಳಿಗೆ ಹಿತವಾದ ಬಿಗಿ, ಮೂವತ್ತೊಂದು ವರ್ಷದ ಹಳೆಯ ಪರಿಚಯ. "ಸರಿಯಾಗೇ ಇದೆಯಲ್ಲಮ್ಮ!"

ಗೇಟಕ್ಕ ಪಿಸ್ತೂಲನ್ನು ಗೋಡೆಯ ಕಡೆ ತಿರುಗಿಸಿ ಹಿಡಿದು ಕಿರುಬೆರಳಿನಿಂದ ತಳ್ಳಿದಳು. ಸೇಫ್ಟಿ ಟಕ್ಕೆಂದು ಇಳಿಯಿತು. ಇನ್ನೊಮ್ಮೆ ಏರಿಸಿ ಇನ್ನೊಮ್ಮೆ ತಳ್ಳಿದಳು. ಮತ್ತೆ ಟಕ್.

ಮೇಸ್ತ್ರಿ ಆ ಕಿರುಬೆರಳನ್ನೇ ನೋಡಿದ. ಎದ್ದು ಹೋಗಿ ಟೋಪಿ ತೆಗೆದು ಎಳೆತಕ್ಕಡಿಯ ಧೂಳು ಒರೆಸಿದ. ಕೊಕ್ಕೆ ಸಿಕ್ಕಿಸಿ ಎಳೆದರೆ ಮುಳ್ಳು ಇರಬೇಕಾದ ಗೆರೆಯ ಅರ್ಧಕ್ಕೂ ಏರದೆ ಸೇಫ್ಟಿ ಜಾರಿತು.

"ತಕ್ಕಡಿ ಕೆಟ್ಟಿದೆ" ಎಂದ.

ಗೇಟಕ್ಕ ತನ್ನ ಚೀಲದಿಂದ ಒಂದು ಕಿಲೋ ಸೋಪಿನ ಪುಡಿಯ ಪೊಟ್ಟಣ ತೆಗೆದು ಕೊಕ್ಕೆಗೆ ನೇತುಹಾಕಿದಳು. ಮುಳ್ಳು ಒಂದು ಕಿಲೋದ ಮೇಲೆ ಬಂದು ನಿಂತಿತು, ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ.

ಆಮೇಲೆ ಮೇಸ್ತ್ರಿ ಪೆಟ್ಟಿಗೆ ಒಡೆದು, ಯಾರ ಕೈಯೂ ಸೋಕದ ಹೊಸ ಪಿಸ್ತೂಲೊಂದನ್ನು ಹೊರಗೆ ತೆಗೆದ. ತಕ್ಕಡಿಯ ಪ್ರಕಾರ ಅದು ಗೆರೆಗೆ ಸರಿಯಾಗಿತ್ತು. ಹೆಬ್ಬೆರಳಿಟ್ಟು ಒತ್ತಿದ. ಉಗುರು ಬೆಳ್ಳಗಾಯಿತು, ನೋವು ಮಣಿಕಟ್ಟಿನವರೆಗೆ ಹರಿಯಿತು. ಸೇಫ್ಟಿ ಮಿಸುಕಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದ. ಆಗಲೂ ಇಲ್ಲ. ನೆಲ ನೆಟ್ಟಗೇ ಇತ್ತು.

"ಎಷ್ಟು ಪಿಸ್ತೂಲು ಸಡಿಲ ಮಾಡಿದೀರಿ?" ಗೇಟಕ್ಕನ ದನಿ ಈಗ ತಗ್ಗಿತ್ತು.

"ಹನ್ನೊಂದು."

ಹನ್ನೊಂದರಲ್ಲಿ ಒಂದು ಈ ಮೇಜಿನ ಮೇಲಿತ್ತು. ಉಳಿದ ಹತ್ತು ಊರಿನ ತುಂಬ ಹತ್ತು ಸೊಂಟಗಳ ಮೇಲೆ ತುಂಬಿದ ಗುಂಡಿನೊಂದಿಗೆ ಓಡಾಡುತ್ತಿದ್ದವು. ಕೂರುತ್ತಿದ್ದವು, ಏಳುತ್ತಿದ್ದವು, ಬಾಗಿಲಿಗೆ ಉಜ್ಜುತ್ತಿದ್ದವು. ಅವುಗಳಲ್ಲೊಂದು ಮೇಸ್ತ್ರಿಯ ಸ್ವಂತ ಭಾವಮೈದನದು. ಸ್ವಂತದವನೆಂದು ಅದನ್ನು ಒಂದು ಕೈ ಹೆಚ್ಚೇ ಸಡಿಲಿಸಿದ್ದ.

ಮೇಸ್ತ್ರಿ ಕಂಪನಿ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದ. ಸಾಹೇಬರು ಕೆಟ್ಟವರಲ್ಲ, ಕಾಗದ ಕೆಡದಿದ್ದರೆ ಸಾಕು ಎನ್ನುವ ಜಾತಿಯವರು. ಹತ್ತನ್ನೂ ಈಗಲೇ ವಾಪಸು ತರಿಸಲು ಫೋನು ಮಾಡಿಸಿ, ಬಾಗಿಲು ಮುಚ್ಚಿ, ದನಿ ಇಳಿಸಿದರು.

"ವರದೀಲಿ ಸ್ಪ್ರಿಂಗ್ ಸರಿ ಇರ್ಲಿಲ್ಲ ಅಂತ ಬರೀರಿ. ಸ್ಪ್ರಿಂಗೇನು ಬಂದು ಜಗಳ ಆಡತ್ತಾ?"

ಮೇಸ್ತ್ರಿ ಪೆನ್ನು ಹಿಡಿದು ಕೂತ. ಹಾಗೆ ಬರೆದರೆ ನಾಳೆಯೂ ಇದೇ ಕೋಣೆ, ಇದೇ ಮೇಜು, ಇದೇ ಎಣ್ಣೆಯ ವಾಸನೆ. ಬರುವ ವರ್ಷ ಮತ್ತೆ ಇದೇ ಹೆಬ್ಬೆರಳು. ಬಸ್ಸಿಗೆ ಕಾಯುತ್ತ ಗೇಟಕ್ಕನ ಸೊಂಟಕ್ಕೆ ಆತು ನಿಂತ ಮಕ್ಕಳು ಕಣ್ಣ ಮುಂದೆ ಬಂದರು. ಅವರನ್ನು ಅವನು ನೋಡಿಯೇ ಇರಲಿಲ್ಲ. ಆದರೂ ಬಂದರು.

ಬರೆದದ್ದನ್ನು ಸಾಹೇಬರು ಓದಿದರು. 'ದೋಷ ಸ್ಪ್ರಿಂಗಿನದಲ್ಲ, ಮೇಸ್ತ್ರಿಯ ಹೆಬ್ಬೆರಳಿನದು.'

"ಇದಕ್ಕೊಂದು ಕಾಲಂ ಇಲ್ವಲ್ರೀ" ಎಂದರು ಸಾಹೇಬರು, ನಿಜವಾದ ಸಂಕಟದಿಂದ. ಹಾಳೆಯನ್ನು ಮೇಜಿನ ಮೇಲಿಟ್ಟು, "ಹೀಗೆ ಬರೆದ್ರೆ ನಿಮ್ಮನ್ನ ಆ ಮೇಜಿನ ಹತ್ರ ಕೂರ್ಸೋಕಾಗಲ್ಲ" ಎಂದರು.

"ಗೊತ್ತು ಸಾರ್."

ಸಂಜೆ ನಾಲ್ಕಕ್ಕೆ ಹತ್ತೂ ಬಂದವು. ಭಾವಮೈದನೇ ಕೊನೆಯವನು. "ಏನು ಭಾವ, ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ತೀರಾ? ಅಕ್ಕನ್ನ ಹೀಗೇ ವಾಪಸ್ ಕಳಿಸಬೇಡಿ ಮತ್ತೆ!" ಎಂದು ನಗುತ್ತ ಬೆಲ್ಟಿನಿಂದ ಪಿಸ್ತೂಲು ತೆಗೆದ. ಸೇಫ್ಟಿ ಕೆಳಗಿಳಿದೇ ಇತ್ತು. ಅವನಿಗದು ಗೊತ್ತಿರಲಿಲ್ಲ. ಮೇಸ್ತ್ರಿ ಎರಡೂ ಕೈ ಚಾಚಿ, ಮೆಲ್ಲನೆ ಅದನ್ನು ತೆಗೆದುಕೊಂಡು ಗುಂಡು ಖಾಲಿ ಮಾಡಿದ.

ಹೊಸ ಸ್ಪ್ರಿಂಗುಗಳನ್ನು ಕೂರಿಸಲು ಅವನ ಕೈಲಾಗಲಿಲ್ಲ. ಅವನು ಹೇಳಿಕೊಟ್ಟ ಹಾಗೆ ಗೇಟಕ್ಕ ಕೂರಿಸಿದಳು. ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿ ಗೆರೆ ನೋಡಿದಳು. ಆದರೂ ಮೇಸ್ತ್ರಿ ಒಂದೊಂದನ್ನೇ ಕೈಗೆತ್ತಿಕೊಂಡು, ಅರ್ಧ ಕಣ್ಣು ಮುಚ್ಚಿ, ಹೆಬ್ಬೆರಳಿಟ್ಟು ಒತ್ತಿದ. ಒಂದೂ ಅಲುಗಲಿಲ್ಲ.

"ಸರಿ" ಎಂದ, ಹನ್ನೊಂದು ಸಲ.

ಟೋಪಿ ಹಾಕಿಕೊಂಡು ಹೊರಟವನಿಗೆ ಮನೆಯ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ. ಅರ ತಿಂದ ಅಗುಳಿ ಒಳಗಿನಿಂದ ಹಾಕಿದ್ದರೂ ಕೈ ಸೋಕಿದಷ್ಟಕ್ಕೇ ಬಾಗಿಲು ಹಾರುಹೊಡೆಯಿತು. ಹೆಂಡತಿ ಬೆಚ್ಚಿ ತಿರುಗಿದಳು.

"ಈ ಅಗುಳಿ ಬದಲಾಯಿಸ್ಬೇಕು" ಎಂದ ಮೇಸ್ತ್ರಿ, ಹೊಸ್ತಿಲ ಆಚೆಯೇ ನಿಂತು. "ನಾಳೆ ಯಾರಾದ್ರೂ ಕೆಲಸದವರನ್ನ ಕರೆಸು."

ಈ ಮನೆಯಲ್ಲಿ ಆ ಮಾತು ಹಿಂದೆಂದೂ ಕೇಳಿರಲಿಲ್ಲ. ಹೆಂಡತಿ ತಮಾಷೆ ಮಾಡಲಿಲ್ಲ. ಅವನ ಬಲಗೈಯನ್ನು ಹಿಡಿದು ಒಳಗೆ ಕರೆದುಕೊಂಡಳು, ಹೆಬ್ಬೆರಳಿಗೆ ನೋವಾಗದ ಹಾಗೆ.